ಮದರ್‌ಬೋರ್ಡ್ ಬದಲಿಸಿದ ಮೇಲೆ ಸರ್ವರ್ ಬೂಟ್ ಆಗುತ್ತಿಲ್ಲವೇ? ಎಲ್ಲಿ ನಿಂತಿದೆ ಎಂಬುದನ್ನು ಮೊದಲು ಹುಡುಕಿ

ಹೊಸ ಬೋರ್ಡ್ ಕೂರಿಸಿ, ಮುಚ್ಚಳ ಹಾಕಿ, ಪವರ್ ಗುಂಡಿ ಒತ್ತಿದ್ದೀರಿ. ಫ್ಯಾನ್‌ಗಳು ಅಬ್ಬರಿಸುತ್ತವೆ, ಆಮೇಲೆ ಪರದೆಯ ಮೇಲೆ ಬೂಟ್ ಸಾಧನ ಸಿಗಲಿಲ್ಲ ಎಂಬ ಸಾಲು ಬಂದು ನಿಲ್ಲುತ್ತದೆ. ಈ ಹಂತದಲ್ಲಿ ಬಹಳ ಮಂದಿ ಆಪರೇಟಿಂಗ್ ಸಿಸ್ಟಂ ಮತ್ತೆ ಇನ್‌ಸ್ಟಾಲ್ ಮಾಡಲು ಹೊರಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹೆಚ್ಚಿನ ಸಂದರ್ಭಗಳಲ್ಲಿ ಡಿಸ್ಕಿನಲ್ಲಿರುವುದೆಲ್ಲ ಇದ್ದ ಹಾಗೆಯೇ ಇರುತ್ತದೆ. ಹಳೆಯ ಬೋರ್ಡಿನ ಜೊತೆ ಹೋದದ್ದು ಅದರ ನೆನಪು ಮಾತ್ರ: ಬೂಟ್ ಪಟ್ಟಿ, ಬಯೋಸ್ (ಯಂತ್ರವನ್ನು ಎಬ್ಬಿಸುವ, ಬೋರ್ಡಿನೊಳಗಿನ ತಂತ್ರಾಂಶ) ಸೆಟ್ಟಿಂಗ್‌ಗಳು, ಟಿಪಿಎಂ (ಡಿಸ್ಕ್ ಬೀಗದ ಕೀಲಿ ಕಾಯುವ ಭದ್ರತಾ ಚಿಪ್) ಒಳಗಿನ ಕೀಲಿ, ನೆಟ್‌ವರ್ಕ್ ಪೋರ್ಟುಗಳ ವಿಳಾಸ. ಅವನ್ನು ಸರಿಯಾದ ಕ್ರಮದಲ್ಲಿ ಹೊಸ ಬೋರ್ಡಿಗೆ ಕಲಿಸಿಕೊಟ್ಟರೆ ಸರ್ವರ್ ಮೊದಲಿನಂತೆ ಏಳುತ್ತದೆ.

ಕ್ರಮ ತಪ್ಪಿದಾಗಲೇ ಕೆಲಸ ಕೆಡುತ್ತದೆ. ಪೋಸ್ಟ್ ಹಂತವೇ (ಬೋರ್ಡ್ ಎದ್ದಾಗ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಹಂತ) ದಾಟದ ಯಂತ್ರದಲ್ಲಿ ಬೂಟ್‌ಲೋಡರ್ (ಆಪರೇಟಿಂಗ್ ಸಿಸ್ಟಂ ಎಬ್ಬಿಸುವ ಪ್ರೋಗ್ರಾಂ) ಸರಿಪಡಿಸಲು ಹೋಗುವುದು, ರೇಡ್ ವಾಲ್ಯೂಮ್ (ಹಲವು ಡಿಸ್ಕುಗಳನ್ನು ಸೇರಿಸಿ ಒಂದಾಗಿ ತೋರಿಸುವ ಜೋಡಣೆ) ಕಾಣದಿರುವಾಗ ಲಿನಕ್ಸ್ ಬೂಟ್‌ಲೋಡರ್ ಆದ ಗ್ರಬ್ ಮತ್ತೆ ಹಾಕುವುದು, ಎರಡರಿಂದಲೂ ಸಮಯ ಹಾಳು. ಕೆಲವೊಮ್ಮೆ ದತ್ತಾಂಶವೂ ಹಾಳು. ಆದ್ದರಿಂದ ಕೆಳಗಿನ ಹಂತಗಳನ್ನು ಮೇಲಿನಿಂದ ಕೆಳಕ್ಕೆ ಅನುಸರಿಸಿ.

ಕೈ ಹಾಕುವ ಮೊದಲು

ಸರ್ವರಿಗೆ ನೇರವಾಗಿ ಮಾನಿಟರ್ ಮತ್ತು ಕೀಬೋರ್ಡ್ ಜೋಡಿಸಿ. ದೂರದಿಂದ ನಿಭಾಯಿಸುವ ಬಿಎಂಸಿ (ಬೋರ್ಡಿನ ಮೇಲಿನ ನಿರ್ವಹಣಾ ಚಿಪ್) ಕನ್ಸೋಲ್ ಇದ್ದರೂ ಹೊಸ ಬೋರ್ಡಿನಲ್ಲಿ ಅದರ ಐಪಿ ವಿಳಾಸ ಮತ್ತು ಪಾಸ್‌ವರ್ಡ್ ಕಾರ್ಖಾನೆಯ ಸ್ಥಿತಿಯಲ್ಲಿರುತ್ತವೆ. ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ ಅಚ್ಚಾಗಿರುವ ಪಾಸ್‌ವರ್ಡ್ ಹಳೆಯ ಬೋರ್ಡಿನದಾಗಿರಬಹುದು, ಅದನ್ನೇ ನಂಬಿ ಹತ್ತು ಸಲ ಟೈಪ್ ಮಾಡುತ್ತ ಕೂರಬೇಡಿ.

ಇನ್ನು ಬೇಕಾದವು: ಆ್ಯಂಟಿ-ಸ್ಟ್ಯಾಟಿಕ್ ಕೈಪಟ್ಟಿ, ಥರ್ಮಲ್ ಪೇಸ್ಟ್, ಒಳ್ಳೆಯ ಟಾರ್ಚ್, ನಿಮ್ಮ ಮಾದರಿಯ ಸರ್ವೀಸ್ ಕೈಪಿಡಿ, ಲಿನಕ್ಸ್ ಲೈವ್ ಯುಎಸ್‌ಬಿ ಅಥವಾ ವಿಂಡೋಸ್ ಇನ್‌ಸ್ಟಾಲೇಶನ್ ಯುಎಸ್‌ಬಿ. ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ ರಿಕವರಿ ಕೀ ಈಗಲೇ ಕೈಯಲ್ಲಿರಬೇಕು. ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಎನ್‌ಕ್ರಿಪ್ಶನ್) ಆದರೆ ಅದು 48 ಅಂಕಿಗಳ ಸಂಖ್ಯೆ. ಆ ಕೀ ಇದೇ ಸರ್ವರಿನ ಡಿಸ್ಕಿನಲ್ಲಿರುವ ಕಡತದಲ್ಲಷ್ಟೇ ಇದ್ದರೆ ಅದು ಇಲ್ಲದ ಲೆಕ್ಕವೇ.

ಬ್ಯಾಕಪ್ ಇದೆಯೇ ಎಂದು ಬೇರೆ ಯಂತ್ರದಿಂದ ತೆರೆದು ನೋಡಿ. ಇಲ್ಲದಿದ್ದರೆ, ಮುಂದೆ ಡಿಸ್ಕಿಗೆ ಬರೆಯುವ ಯಾವುದೇ ಆಜ್ಞೆಗೆ ಮೊದಲು ಡಿಸ್ಕಿನ ಪೂರ್ಣ ಪ್ರತಿ ತೆಗೆದುಕೊಳ್ಳಿ.

ಎಲ್ಲಿ ನಿಂತಿದೆ? ಲಕ್ಷಣ ನೋಡಿ ಹಂತ ಹಿಡಿಯಿರಿ

ಪವರ್ ಗುಂಡಿಗೆ ಏನೂ ಪ್ರತಿಕ್ರಿಯೆ ಇಲ್ಲದಿದ್ದರೆ 1ನೇ ಹಂತದಿಂದ ಆರಂಭಿಸಿ. ಫ್ಯಾನ್ ತಿರುಗಿ ಪರದೆ ಕಪ್ಪಾಗಿಯೇ ಉಳಿದರೆ 2ನೇ ಹಂತ. ತಯಾರಕರ ಲೋಗೋ ಬಂದು, ಬೂಟ್ ಸಾಧನ ಇಲ್ಲ ಎಂದರೆ 3, 4 ಮತ್ತು 5. ಗ್ರಬ್ ಮೆನು ಬಂದು ಕರ್ನಲ್ (ಲಿನಕ್ಸ್‌ನ ತಿರುಳು) ಹೊರಟ ಮೇಲೆ ನಿಂತರೆ, ಅಥವಾ ವಿಂಡೋಸ್ ನೀಲಿ ಪರದೆ ತೋರಿದರೆ 6 ಅಥವಾ 7. ಲಾಗಿನ್ ಸಾಲು ಕಾಣಿಸಿಯೂ ನೆಟ್‌ವರ್ಕಿನಿಂದ ಸರ್ವರ್ ಸಿಗುತ್ತಿಲ್ಲವಾದರೆ ನೇರವಾಗಿ 8ಕ್ಕೆ ಹೋಗಿ. 'ಬೂಟ್ ಆಗುತ್ತಿಲ್ಲ' ಎಂದು ದೂರು ಬಂದ ಸರ್ವರುಗಳಲ್ಲಿ ಕೆಲವು ನಿಜಕ್ಕೂ ಬೂಟ್ ಆಗಿರುತ್ತವೆ, ಮಾತನಾಡುತ್ತಿರುವುದಿಲ್ಲ ಅಷ್ಟೇ.

ಹಂತ 1: ವಿದ್ಯುತ್ ಮತ್ತು ಕಾಯುವಿಕೆ

ಪವರ್ ಕೇಬಲ್ ಸಿಕ್ಕಿಸಿದ ಕೂಡಲೇ ಗುಂಡಿ ಒತ್ತಬೇಡಿ. ಸರ್ವರ್ ಬೋರ್ಡಿನಲ್ಲಿ ಮೊದಲು ಏಳುವುದು ಬಿಎಂಸಿ. ಅದು ಸಿದ್ಧವಾಗಲು ಒಂದೆರಡು ನಿಮಿಷ ಬೇಕು, ಅಲ್ಲಿಯವರೆಗೆ ಎಷ್ಟೋ ಮಾದರಿಗಳಲ್ಲಿ ಪವರ್ ಗುಂಡಿ ಕೆಲಸವನ್ನೇ ಮಾಡುವುದಿಲ್ಲ. ಬೋರ್ಡ್ ಸತ್ತೇ ಬಂದಿದೆ ಎಂದು ಹಿಂದಿರುಗಿಸುವ ಮೊದಲು ಮೂರು ನಿಮಿಷ ಕಾಯಿರಿ.

ಆಮೇಲೂ ಏನೂ ಆಗದಿದ್ದರೆ ಕೇಬಲ್‌ಗಳತ್ತ ನೋಡಿ. 24 ಪಿನ್ನಿನ ಮುಖ್ಯ ಕನೆಕ್ಟರ್ ಹಾಕಿ, ಸಿಪಿಯು ಪಕ್ಕದ 8 ಪಿನ್ನಿನದನ್ನು ಮರೆಯುವುದು ಸಾಮಾನ್ಯ. ಎರಡು ಸಿಪಿಯು ಇರುವ ಬೋರ್ಡಿನಲ್ಲಿ ಅಂಥವು ಎರಡಿರುತ್ತವೆ. ಮುಂಭಾಗದ ಫಲಕದ ಸಣ್ಣ ರಿಬ್ಬನ್ ಕೇಬಲ್ ಅರ್ಧ ಕೂತಿದ್ದರೂ ಗುಂಡಿ ಸತ್ತಂತಿರುತ್ತದೆ. ಬೋರ್ಡನ್ನು ಸಾಮಾನ್ಯ ಪೆಟ್ಟಿಗೆಯಲ್ಲಿ ಕೂರಿಸಿದ್ದರೆ, ತೂತಿಲ್ಲದ ಜಾಗದಲ್ಲಿ ಹಳೆಯ ಹಿತ್ತಾಳೆಯ ಸ್ಟ್ಯಾಂಡಾಫ್ (ಬೋರ್ಡನ್ನು ಎತ್ತಿ ಹಿಡಿಯುವ ಗಿಡ್ಡ ಕಂಬ) ಉಳಿದು ಬೋರ್ಡಿನ ಬೆನ್ನಿಗೆ ಒತ್ತುತ್ತಿದೆಯೇ ನೋಡಿ. ಅದರಿಂದ ಶಾರ್ಟ್ ಆಗುತ್ತದೆ.

ಎಚ್ಚರಿಕೆಯ ಲಕ್ಷಣ: ಸುಟ್ಟ ವಾಸನೆ, ಅಥವಾ ಪವರ್ ಸಪ್ಲೈ ಕ್ಲಿಕ್ ಎಂದು ಮತ್ತೆ ಮತ್ತೆ ಆಫ್ ಆಗುವುದು. ಇವೆರಡರಲ್ಲಿ ಯಾವುದು ಕಂಡರೂ ಕೇಬಲ್ ಎಳೆದು ಬಿಡಿ, ಇನ್ನೊಂದು ಪ್ರಯತ್ನ ಬೇಡ.

ಹಂತ 2: ಪೋಸ್ಟ್ ದಾಟಿಸುವುದು

ಪರದೆ ಕಪ್ಪಾಗಿದ್ದರೆ ಇಲ್ಲಿಯೂ ಮೊದಲ ಔಷಧ ತಾಳ್ಮೆಯೇ. ಹೊಸ ಬೋರ್ಡ್ ಮೊದಲ ಸಲ ಎದ್ದಾಗ ಪ್ರತಿಯೊಂದು ರ‍್ಯಾಮ್ ಮಾಡ್ಯೂಲನ್ನೂ ಪರೀಕ್ಷಿಸಿ ಸಮಯ ಹೊಂದಿಸಿಕೊಳ್ಳುತ್ತದೆ. ಇದನ್ನು ಮೆಮೊರಿ ಟ್ರೈನಿಂಗ್ ಎನ್ನುತ್ತಾರೆ. ರ‍್ಯಾಮ್ ಹೆಚ್ಚಿದ್ದಷ್ಟೂ ಇದು ನಿಧಾನ, ಡಿಡಿಆರ್5 ಯಂತ್ರಗಳಲ್ಲಂತೂ ಹಲವು ನಿಮಿಷ ಹಿಡಿಯುತ್ತದೆ. ನಡುವೆ ಪವರ್ ತೆಗೆದರೆ ಮತ್ತೆ ಮೊದಲಿನಿಂದ. ಹತ್ತು ನಿಮಿಷ ಬಿಡಿ.

ಅಷ್ಟಾದರೂ ಚಿತ್ರ ಬರದಿದ್ದರೆ ಯಂತ್ರವನ್ನು ಕನಿಷ್ಠ ಸ್ಥಿತಿಗೆ ಇಳಿಸಿ. ಒಂದೇ ಸಿಪಿಯು, ಕೈಪಿಡಿ ಹೇಳುವ ಮೊದಲ ಸ್ಲಾಟಿನಲ್ಲಿ ಒಂದೇ ರ‍್ಯಾಮ್ ಮಾಡ್ಯೂಲ್, ಒಂದೇ ಪವರ್ ಸಪ್ಲೈ. ಡಿಸ್ಕುಗಳನ್ನು ಒಂದಿಂಚು ಹೊರಗೆಳೆಯಿರಿ, ಕಾರ್ಡುಗಳನ್ನು ತೆಗೆಯಿರಿ. ಯಾವ ಡಿಸ್ಕ್ ಯಾವ ಸ್ಲಾಟಿನಲ್ಲಿತ್ತು ಎಂದು ಮೊದಲೇ ಸಂಖ್ಯೆ ಬರೆದ ಟೇಪ್ ಅಂಟಿಸುವುದನ್ನು ಮರೆಯಬೇಡಿ. ಈ ಸ್ಥಿತಿಯಲ್ಲಿ ಎದ್ದರೆ ಒಂದೊಂದೇ ಭಾಗ ಸೇರಿಸುತ್ತ ಹೋಗಿ. ಎರಡು ಭಾಗ ಒಟ್ಟಿಗೆ ಸೇರಿಸಿದರೆ ದೋಷ ಯಾವುದರಲ್ಲಿದೆ ಎಂದು ಮತ್ತೆ ತಿಳಿಯದೆ ಹೋಗುತ್ತದೆ.

ಕನಿಷ್ಠ ಸ್ಥಿತಿಯಲ್ಲೂ ಏಳದಿದ್ದರೆ ಉಳಿಯುವ ಅನುಮಾನ ಎರಡು. ಮೊದಲನೆಯದು ಫರ್ಮ್‌ವೇರ್. ಬಿಡಿಭಾಗವಾಗಿ ಬಂದ ಬೋರ್ಡ್ ಕಪಾಟಿನಲ್ಲಿ ವರ್ಷಗಟ್ಟಲೆ ಕೂತಿರಬಹುದು. ಅದರ ಬಯೋಸ್ ನಿಮ್ಮ ಸಿಪಿಯುಗಿಂತ ಹಳೆಯದಾಗಿದ್ದರೆ ಆ ಸಿಪಿಯುವನ್ನು ಅದು ಗುರುತಿಸುವುದೇ ಇಲ್ಲ. ಬಹುಪಾಲು ಸರ್ವರ್ ಬೋರ್ಡುಗಳಲ್ಲಿ ಬಿಎಂಸಿ ಮೂಲಕ, ಯಂತ್ರ ಪೋಸ್ಟ್ ಆಗದಿದ್ದರೂ ಬಯೋಸ್ ನವೀಕರಿಸಬಹುದು. ಬಿಎಂಸಿಯ ಘಟನಾ ದಾಖಲೆಯನ್ನೂ ಅಲ್ಲೇ ಓದಿ. ಯಾವ ಮಾಡ್ಯೂಲ್, ಯಾವ ಸಾಕೆಟ್ ಎಂದು ಅದು ಹೆಸರಿಟ್ಟು ಹೇಳುತ್ತದೆ.

ಎರಡನೆಯದು ಸಾಕೆಟ್ಟಿನ ಪಿನ್ನುಗಳು. ಒಮ್ಮೆ ನಾನು ಬದಲಿಸಿದ ಬೋರ್ಡಿನಲ್ಲಿ ಎಲ್ಲವೂ ಸರಿಯಿದ್ದು ಒಂದೇ ಚಾನೆಲ್ಲಿನ ಎರಡು ರ‍್ಯಾಮ್ ಮಾಡ್ಯೂಲುಗಳು ಮಾತ್ರ ಕಾಣುತ್ತಿರಲಿಲ್ಲ. ಅವುಗಳ ಜಾಗ ಅದಲುಬದಲು ಮಾಡಿದೆ, ದೋಷ ಮಾಡ್ಯೂಲಿನ ಜೊತೆ ಹೋಗದೆ ಸ್ಲಾಟಿನಲ್ಲೇ ಉಳಿಯಿತು. ಕೊನೆಗೆ ಸಿಪಿಯು ತೆಗೆದು ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದೆ. ಪಿನ್ನುಗಳೆಲ್ಲ ಗಾಳಿಗೆ ಒಂದೇ ಕಡೆ ಬಾಗಿದ ಪೈರಿನಂತೆ ಸಾಲಾಗಿ ಹೊಳೆಯುತ್ತಿದ್ದವು. ಮೂಲೆಯ ಹತ್ತಿರ ಒಂದು ಚುಕ್ಕೆ ಮಾತ್ರ ಹೊಳೆಯಲಿಲ್ಲ. ಕೂದಲಿಗಿಂತ ತುಸು ದಪ್ಪನೆಯ ಒಂದು ಪಿನ್ ಪಕ್ಕದ್ದರ ಮೇಲೆ ಮಲಗಿತ್ತು. ಸಿಪಿಯು ಕೂರಿಸುವಾಗ ಬೆರಳು ಜಾರಿದ ಒಂದು ಕ್ಷಣದ ಫಲ ಅದು, ಅದಕ್ಕೆ ಇಡೀ ರಾತ್ರಿ ಹೋಯಿತು.

ಹೀಗಾಗಿ, ಸ್ಲಾಟಿಗೆ ಅಂಟಿಕೊಂಡ ದೋಷ ಕಂಡರೆ ಹೊಸ ರ‍್ಯಾಮ್ ತರಿಸುವ ಮೊದಲು ಸಾಕೆಟ್ ನೋಡಿ. ಹೀಟ್‌ಸಿಂಕಿನ ತಿರುಪುಗಳನ್ನು ಒಂದೇ ಕಡೆಯಿಂದ ಬಿಗಿಗೊಳಿಸಿದ್ದರೂ ಸಿಪಿಯು ಓರೆಯಾಗಿ ಕೂತು ಇದೇ ಲಕ್ಷಣ ಕೊಡುತ್ತದೆ. ಕೈಪಿಡಿಯಲ್ಲಿ ಬೇರೆ ಕ್ರಮ ಹೇಳಿಲ್ಲವಾದರೆ ಎದುರುಬದುರು ಮೂಲೆಗಳನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ.

ಇನ್ನೊಂದು ಮಾತು: ಎರಡನೇ ಸಿಪಿಯು ತೆಗೆದಿಟ್ಟರೆ ಅದಕ್ಕೆ ಸೇರಿದ ರ‍್ಯಾಮ್ ಸ್ಲಾಟುಗಳು ಮತ್ತು ಕೆಲವು ಪಿಸಿಐಇ (ಹೆಚ್ಚುವರಿ ಕಾರ್ಡುಗಳ) ಸ್ಲಾಟುಗಳು ಕೆಲಸ ಮಾಡುವುದಿಲ್ಲ. ರೇಡ್ ಕಾರ್ಡ್ ಅಂಥ ಸ್ಲಾಟಿನಲ್ಲಿದ್ದರೆ ಅದೂ ಕಾಣೆಯಾಗುತ್ತದೆ. ಕಾರ್ಡ್ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ.

ಹಂತ 3: ಬಯೋಸ್ ಸೆಟ್ಟಿಂಗ್‌ಗಳನ್ನು ಹಳೆಯದಕ್ಕೆ ಹೊಂದಿಸುವುದು

ಪೋಸ್ಟ್ ದಾಟಿತು ಎಂದರೆ ಸೆಟಪ್ ಒಳಗೆ ಹೋಗಿ. ಇಲ್ಲಿ ನೋಡಬೇಕಾದದ್ದು ಮೂರೇ ಮುಖ್ಯ ವಿಷಯ.

ಬೂಟ್ ಮೋಡ್ ಮೊದಲನೆಯದು. ಹಳೆಯ ಬೋರ್ಡಿನಲ್ಲಿ ಲೆಗಸಿ (ಹಳೆಯ ಬಯೋಸ್ ವಿಧಾನ) ಇದ್ದು ಹೊಸದು ಯುಇಎಫ್ಐನಲ್ಲಿದ್ದರೆ (ಅದರ ಬದಲಿಗೆ ಬಂದ ಹೊಸ ವಿಧಾನ), ಅಥವಾ ತಿರುಗುಮುರುಗಾಗಿದ್ದರೆ, ಡಿಸ್ಕ್ ಕಣ್ಣೆದುರು ಇದ್ದರೂ ಬೂಟ್ ಆಗುವುದಿಲ್ಲ. ಯಾವುದಿತ್ತು ಎಂದು ನೆನಪಿಲ್ಲವೇ? ಲೈವ್ ಯುಎಸ್‌ಬಿಯಿಂದ ಡಿಸ್ಕಿನ ವಿಭಾಗಗಳನ್ನು ನೋಡಿ. ಕೆಲವು ನೂರು ಎಂಬಿಯ, ಫ್ಯಾಟ್32 ಮಾದರಿಯ ಇಎಫ್ಐ ಸಿಸ್ಟಂ ವಿಭಾಗ ಇದ್ದರೆ ಅದು ಬಹುಮಟ್ಟಿಗೆ ಯುಇಎಫ್ಐ ಇನ್‌ಸ್ಟಾಲೇಶನ್.

ಎರಡನೆಯದು ಸಾಟಾ ಕಂಟ್ರೋಲರಿನ (ಡಿಸ್ಕುಗಳನ್ನು ನಡೆಸುವ ಚಿಪ್ಪಿನ) ಮೋಡ್. ಹಳೆಯದು ರೇಡ್ ಮೋಡಿನಲ್ಲಿದ್ದು ಹೊಸದು ಎಎಚ್‌ಸಿಐನಲ್ಲಿದ್ದರೆ, ಒಂದು ವಾಲ್ಯೂಮ್ ಆಗಿ ಕಾಣಬೇಕಾದ ಎರಡು ಡಿಸ್ಕುಗಳು ಬಿಡಿಬಿಡಿಯಾಗಿ ಕಾಣುತ್ತವೆ. ಆ ಸ್ಥಿತಿಯಲ್ಲಿ ಒಂದರಿಂದ ಬೂಟ್ ಆಗಿಬಿಟ್ಟರೆ ಇನ್ನೂ ಅಪಾಯ, ಜೋಡಿಯ ಒಂದು ಡಿಸ್ಕಿಗೆ ಮಾತ್ರ ಹೊಸದಾಗಿ ಬರೆದು ಎರಡರ ನಡುವೆ ವ್ಯತ್ಯಾಸ ಉಂಟಾಗುತ್ತದೆ. ಆದ್ದರಿಂದ ಬೂಟ್ ಪ್ರಯತ್ನಿಸುವ ಮೊದಲೇ ಇದನ್ನು ಸರಿಮಾಡಿ.

ಮೂರನೆಯದು ದಿನಾಂಕ ಮತ್ತು ಸಮಯ. ಗಡಿಯಾರ ವರ್ಷಗಳಷ್ಟು ಹಿಂದಿದ್ದರೆ ಪ್ರಮಾಣಪತ್ರಗಳು ಇನ್ನೂ ಜಾರಿಗೆ ಬಂದಿಲ್ಲ ಎಂದು ತಿರಸ್ಕೃತವಾಗುತ್ತವೆ. ಕೆರ್ಬೆರಾಸ್ ಎಂಬ ಜಾಲದ ದೃಢೀಕರಣ ಪದ್ಧತಿಯ ಲಾಗಿನ್ ಸಾಮಾನ್ಯವಾಗಿ 5 ನಿಮಿಷಕ್ಕಿಂತ ಹೆಚ್ಚಿನ ವ್ಯತ್ಯಾಸವನ್ನು ಒಪ್ಪುವುದಿಲ್ಲ.

ಇವುಗಳ ಜೊತೆಗೆ ವರ್ಚುವಲೈಸೇಶನ್ ಆಯ್ಕೆಗಳು, ಸೆಕ್ಯೂರ್ ಬೂಟ್ (ಸಹಿ ಇರುವ ತಂತ್ರಾಂಶವನ್ನಷ್ಟೇ ಬೂಟ್ ಮಾಡುವ ಆಯ್ಕೆ), ತಯಾರಕರ ಸರಣಿ ಸಂಖ್ಯೆ ಇವನ್ನೂ ಹಳೆಯದರಂತೆ ತುಂಬಿ. ಕೆಲವು ಡೆಲ್ ಮಾದರಿಗಳು ಸರ್ವೀಸ್ ಟ್ಯಾಗ್ ಮತ್ತು ಸೆಟ್ಟಿಂಗ್‌ಗಳ ಪ್ರತಿಯನ್ನು ಬೋರ್ಡಿನ ಹೊರಗೆ ಇಟ್ಟುಕೊಂಡಿದ್ದು, ಮೊದಲ ಸಲ ಎದ್ದಾಗ ಮರಳಿ ತುಂಬಲೇ ಎಂದು ಕೇಳುತ್ತವೆ. ಹಾಗೆ ಕೇಳಿದರೆ ಒಪ್ಪಿಕೊಳ್ಳಿ.

ಹಂತ 4: ರೇಡ್. ಇಲ್ಲಿ ಒಂದು ತಪ್ಪು ಆಯ್ಕೆ ಸಾಕು

ನಾನು ಅತಿ ಹೆಚ್ಚು ಹೆದರುವುದು ಈ ಹಂತಕ್ಕೆ. ಹಾರ್ಡ್‌ವೇರ್ ರೇಡ್ ವಿನ್ಯಾಸದ ವಿವರ ಡಿಸ್ಕುಗಳ ಮೇಲೂ ಬರೆದಿರುತ್ತದೆ. ಕಂಟ್ರೋಲರ್ ಹೊಸದಾದಾಗ, ಅದು ಡಿಸ್ಕುಗಳ ಮೇಲಿನ ಬರಹವನ್ನು ಓದಿ 'ಇದು ನಾನು ಬರೆದದ್ದಲ್ಲ' ಎಂದು ತಿಳಿದು 'ಫಾರಿನ್ ಕಾನ್ಫಿಗರೇಶನ್' ಎಂದು ತೋರಿಸುತ್ತದೆ. ಇದು ದೋಷವಲ್ಲ, ಶುಭಸೂಚನೆ. ನಿಮ್ಮ ವಾಲ್ಯೂಮ್ ಇನ್ನೂ ಇದೆ ಎಂದರ್ಥ.

ಆ ಮೆನುವಿನಲ್ಲಿ 'ಇಂಪೋರ್ಟ್' ಮತ್ತು 'ಕ್ಲಿಯರ್' ಎಂಬ ಎರಡು ಸಾಲುಗಳು ಒಂದರ ಕೆಳಗೊಂದು ಇರುತ್ತವೆ. ನಡುವೆ ಇರುವುದು ಬಾಣದ ಗುಂಡಿಯ ಒಂದೇ ಒತ್ತು. ನಿಮಗೆ ಬೇಕಾದದ್ದು ಇಂಪೋರ್ಟ್. ಕ್ಲಿಯರ್ ಒತ್ತಿದರೆ ಡಿಸ್ಕುಗಳ ಮೇಲಿನ ಆ ವಿವರ ಅಳಿಸಿಹೋಗುತ್ತದೆ. ಎಂಟರ್ ಒತ್ತುವ ಮೊದಲು ಪರದೆಯ ಮೇಲೆ ಬೆರಳಿಟ್ಟು ಆಯ್ಕೆಯನ್ನು ಗಟ್ಟಿಯಾಗಿ ಓದುವ ಅಭ್ಯಾಸ ನನ್ನದು. ನಿಮಗೂ ಅದನ್ನೇ ಹೇಳುತ್ತೇನೆ.

ಇಂಪೋರ್ಟ್ ಮಾಡುವ ಮೊದಲು ಪೂರ್ವನೋಟ ಇದ್ದರೆ ನೋಡಿ. ಎಲ್ಲ ಡಿಸ್ಕುಗಳೂ ಪಟ್ಟಿಯಲ್ಲಿರಬೇಕು. ಆರರಲ್ಲಿ ನಾಲ್ಕೇ ಕಾಣುತ್ತಿದ್ದರೆ ಇಂಪೋರ್ಟ್ ಬೇಡ, ಮೊದಲು ಬ್ಯಾಕ್‌ಪ್ಲೇನಿನ (ಡಿಸ್ಕುಗಳು ಸಿಕ್ಕಿಕೊಳ್ಳುವ ಫಲಕದ) ಕೇಬಲ್ ನೋಡಿ. ಎರಡು ಕೇಬಲ್‌ಗಳಲ್ಲಿ ಒಂದು ಸರಿಯಾಗಿ ಕೂರದಿರುವುದೇ ಇದಕ್ಕೆ ಸಾಮಾನ್ಯ ಕಾರಣ. 'ಇನಿಶಿಯಲೈಸ್' ಎಂಬ ಪದ ಎಲ್ಲಿ ಕಂಡರೂ ಹಿಂದೆ ಸರಿಯಿರಿ.

ಲಿನಕ್ಸ್ ಸಾಫ್ಟ್‌ವೇರ್ ರೇಡ್ ಆಗಿದ್ದರೆ ನಿಮ್ಮ ದಾರಿ ಸುಲಭ. ಅದು ಬೋರ್ಡನ್ನು ಅವಲಂಬಿಸಿಲ್ಲ. ಲೈವ್ ಯುಎಸ್‌ಬಿಯಲ್ಲಿ ಎಂಡಿಅಡ್ಮ್ (mdadm) ಆಜ್ಞೆಯನ್ನು 'ಅಸೆಂಬಲ್' ಮತ್ತು 'ಸ್ಕ್ಯಾನ್' ಆಯ್ಕೆಗಳೊಂದಿಗೆ ಓಡಿಸಿದರೆ ಸಾಕು. 'ಕ್ರಿಯೇಟ್' ಆಯ್ಕೆ ಕೊಡಬೇಡಿ. ಅದು ಇರುವುದನ್ನು ಜೋಡಿಸುವುದಿಲ್ಲ, ಹೊಸದನ್ನು ಬರೆಯುತ್ತದೆ.

ಹಂತ 5: ಕಳೆದುಹೋದ ಬೂಟ್ ಪಟ್ಟಿ

ವಾಲ್ಯೂಮ್ ಕಾಣುತ್ತಿದೆ, ಆದರೂ ಬೂಟ್ ಸಾಧನ ಇಲ್ಲ ಎಂಬ ಸಂದೇಶ. ಯುಇಎಫ್ಐ ಯಂತ್ರಗಳಲ್ಲಿ ನಾನು ಅತಿ ಹೆಚ್ಚು ಕಂಡಿರುವ ದೋಷ ಇದೇ. ಯಾವ ಡಿಸ್ಕಿನ ಯಾವ ಕಡತದಿಂದ ಬೂಟ್ ಮಾಡಬೇಕು ಎಂಬ ಪಟ್ಟಿ ಡಿಸ್ಕಿನಲ್ಲಿರುವುದಿಲ್ಲ, ವಿದ್ಯುತ್ ಹೋದರೂ ಅಳಿಸದ ಬೋರ್ಡಿನ ಸ್ಮೃತಿಯಾದ ಎನ್‌ವಿರ‍್ಯಾಮ್‌ನಲ್ಲಿರುತ್ತದೆ. ಬೋರ್ಡ್ ಹೋಯಿತು, ಪಟ್ಟಿಯೂ ಹೋಯಿತು. ಪಟ್ಟಿ ಖಾಲಿ ಇದ್ದಾಗ ಫರ್ಮ್‌ವೇರ್ ಇಎಫ್ಐ ವಿಭಾಗದ 'ಬೂಟ್' ಫೋಲ್ಡರಿನಲ್ಲಿ ಒಂದು ನಿಗದಿತ ಹೆಸರಿನ ಕಡತವನ್ನು ಹುಡುಕುತ್ತದೆ. ಕೆಲವು ಲಿನಕ್ಸ್ ವಿತರಣೆಗಳು ಅಲ್ಲಿ ಒಂದು ಪ್ರತಿ ಇಟ್ಟಿರುವುದರಿಂದ ತಾವಾಗಿ ಎದ್ದುಬಿಡುತ್ತವೆ. ಡೆಬಿಯನ್ ನೀವು ಕೇಳದ ಹೊರತು ಇಡುವುದಿಲ್ಲ.

ಎಷ್ಟೋ ಸರ್ವರುಗಳ ಸೆಟಪ್ಪಿನಲ್ಲೇ 'ಕಡತದಿಂದ ಬೂಟ್ ಮಾಡು' ಎಂಬ ಆಯ್ಕೆ ಇರುತ್ತದೆ. ಅದರಿಂದ ಇಎಫ್ಐ ವಿಭಾಗ ತೆರೆದು, ವಿತರಣೆಯ ಹೆಸರಿನ ಫೋಲ್ಡರಿನಲ್ಲಿ ಶಿಮ್ ಅಥವಾ ಗ್ರಬ್ ಹೆಸರಿನ ಇಎಫ್ಐ ಕಡತ ಆರಿಸಿ. ಎದ್ದರೆ ದೋಷ ಇದೇ ಎಂದು ಖಚಿತವಾಯಿತು. ಒಳಗಿನಿಂದ ಇಎಫ್ಐಬೂಟ್‌ಎಂಜಿಆರ್ (efibootmgr) ಆಜ್ಞೆಯಲ್ಲಿ ಡಿಸ್ಕ್, ವಿಭಾಗದ ಸಂಖ್ಯೆ, ಹೆಸರು ಮತ್ತು ಕಡತದ ಹಾದಿ ಕೊಟ್ಟು ಹೊಸ ನಮೂದು ಸೇರಿಸಿ.

ಹಾಗೆ ಏಳದಿದ್ದರೆ ಲೈವ್ ಯುಎಸ್‌ಬಿ ಬಳಸಿ. ಅದನ್ನೂ ಯುಇಎಫ್ಐ ಮೋಡಿನಲ್ಲೇ ಬೂಟ್ ಮಾಡಿರಬೇಕು, ಇಲ್ಲದಿದ್ದರೆ ಈ ಆಜ್ಞೆ ಎನ್‌ವಿರ‍್ಯಾಮ್ ತಲುಪುವುದೇ ಇಲ್ಲ. ಲೆಗಸಿ ಯಂತ್ರಗಳಲ್ಲಿ ಬೂಟ್ ಡಿಸ್ಕಿನ ಕ್ರಮ ಸರಿಪಡಿಸಿದರೆ ಸಾಕಾಗುತ್ತದೆ.

ವಿಂಡೋಸ್‌ನಲ್ಲಿ ಇನ್‌ಸ್ಟಾಲೇಶನ್ ಯುಎಸ್‌ಬಿಯಿಂದ ಎದ್ದು ಶಿಫ್ಟ್ ಜೊತೆ ಎಫ್10 ಒತ್ತಿ. ಡಿಸ್ಕ್‌ಪಾರ್ಟ್ ಮೂಲಕ ಫ್ಯಾಟ್32 ವಿಭಾಗಕ್ಕೆ ಒಂದು ಅಕ್ಷರ ಕೊಟ್ಟು, ಬಿಸಿಡಿಬೂಟ್ (bcdboot) ಆಜ್ಞೆಗೆ ವಿಂಡೋಸ್ ಫೋಲ್ಡರಿನ ಹಾದಿಯನ್ನೂ ಆ ಅಕ್ಷರವನ್ನೂ ತಿಳಿಸಿ. ಇಲ್ಲಿ ವಿಂಡೋಸ್ ಇರುವುದು ಸಿ ಡ್ರೈವಿನಲ್ಲೇ ಎಂದು ಭಾವಿಸಬೇಡಿ, ರಿಕವರಿ ಪರಿಸರದಲ್ಲಿ ಅಕ್ಷರಗಳು ಬದಲಾಗುತ್ತವೆ.

ಹಂತ 6: ಲಿನಕ್ಸ್ ಅರ್ಧದಲ್ಲಿ ನಿಂತರೆ

ಗ್ರಬ್ ಬಂತು, ಕರ್ನಲ್ ಹೊರಟಿತು, ಆಮೇಲೆ ರೂಟ್ ಸಾಧನ (ಸಿಸ್ಟಂ ಕಡತಗಳಿರುವ ಡಿಸ್ಕ್) ಸಿಗಲಿಲ್ಲ ಎಂದು ತುರ್ತು ಶೆಲ್ ತೆರೆದುಕೊಂಡಿತು. ಕಾರಣ ಹೀಗಿದೆ: ರೆಡ್ ಹ್ಯಾಟ್ ಬಳಗದಲ್ಲಿ ಇನಿಟ್‌ರ‍್ಯಾಮ್‌ಎಫ್‌ಎಸ್ (initramfs, ಬೂಟ್‌ನ ಮೊದಲಲ್ಲಿ ಬಳಸುವ ಸಣ್ಣ ಕಡತಚಿತ್ರ) ತಯಾರಾಗುವಾಗ ಆ ಯಂತ್ರಕ್ಕೆ ಬೇಕಾದ ಡ್ರೈವರುಗಳನ್ನಷ್ಟೇ ಸೇರಿಸಲಾಗುತ್ತದೆ. ಹೊಸ ಬೋರ್ಡಿನ ಸ್ಟೋರೇಜ್ ಕಂಟ್ರೋಲರ್ ಬೇರೆಯಾದರೆ ಅದರ ಡ್ರೈವರ್ ಅಲ್ಲಿರುವುದಿಲ್ಲ. ಗ್ರಬ್ ಮೆನುವಿನ ಕೊನೆಯಲ್ಲಿ 'ರೆಸ್ಕ್ಯೂ' ಎಂಬ ನಮೂದು ಇರುತ್ತದೆ. ಅದರಲ್ಲಿ ಎಲ್ಲ ಬಗೆಯ ಡ್ರೈವರುಗಳೂ ಇರುತ್ತವೆ. ಅದರಿಂದ ಎದ್ದು, ಡ್ರಾಕಟ್ (dracut) ಆಜ್ಞೆಯಿಂದ ಎಲ್ಲ ಕರ್ನಲ್‌ಗಳ ಚಿತ್ರಗಳನ್ನೂ ಮತ್ತೆ ತಯಾರಿಸಿ. ಡೆಬಿಯನ್ ಮತ್ತು ಉಬುಂಟುವಿನಲ್ಲಿ ಈ ತೊಂದರೆ ಕಡಿಮೆ. ಬಂದರೆ ಅಪ್‌ಡೇಟ್-ಇನಿಟ್‌ರ‍್ಯಾಮ್‌ಎಫ್‌ಎಸ್ ಬಳಸಿ.

ಡ್ರೈವರ್ ಇದ್ದೂ ನಿಂತರೆ ಎಫ್‌ಎಸ್‌ಟ್ಯಾಬ್ (fstab, ಯಾವ ಡಿಸ್ಕ್ ಎಲ್ಲಿ ಸೇರಬೇಕು ಎಂಬ ಪಟ್ಟಿ) ಕಡತ ತೆರೆಯಿರಿ. ಅಲ್ಲಿ ಡಿಸ್ಕುಗಳನ್ನು ಎಸ್‌ಡಿಎ, ಎಸ್‌ಡಿಬಿ ಎಂದು ಬರೆದಿದ್ದರೆ ಹೊಸ ಬೋರ್ಡಿನಲ್ಲಿ ಆ ಹೆಸರುಗಳು ಅದಲುಬದಲಾಗಿರಬಹುದು. ಬಿಎಲ್‌ಕೆಐಡಿ (blkid) ಆಜ್ಞೆ ತೋರಿಸುವ ಯುಯುಐಡಿಗಳನ್ನು (ವಿಭಾಗಗಳ ಬದಲಾಗದ ಗುರುತುಸಂಖ್ಯೆ) ಹಾಕಿ. ಡಿಸ್ಕ್ ಕೀಲಿ ಟಿಪಿಎಂಗೆ ಬೆಸೆದಿದ್ದರೆ ಪಾಸ್‌ಫ್ರೇಸ್ ಕೊಟ್ಟು ತೆರೆದು, ಆಮೇಲೆ ಹೊಸ ಚಿಪ್ಪಿಗೆ ಮತ್ತೆ ಬೆಸೆಯಿರಿ.

ಸೆಕ್ಯೂರ್ ಬೂಟ್ ಇರುವ ಯಂತ್ರಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ನೀವೇ ಸಹಿ ಮಾಡಿದ ಕರ್ನಲ್ ಡ್ರೈವರುಗಳಿಗಾಗಿ ನೋಂದಾಯಿಸಿದ್ದ ಮೋಕ್ (MOK, ಯಂತ್ರದ ಮಾಲೀಕರ) ಕೀಲಿಯೂ ಎನ್‌ವಿರ‍್ಯಾಮ್‌ನಲ್ಲೇ ಇತ್ತು. ಸಿಸ್ಟಂ ಎದ್ದರೂ ಆ ಡ್ರೈವರುಗಳು ಲೋಡ್ ಆಗದಿದ್ದರೆ ಕೀಲಿಯನ್ನು ಮತ್ತೆ ನೋಂದಾಯಿಸಿ.

ಇಷ್ಟಕ್ಕೂ ಮೊದಲು ಎಫ್‌ಎಸ್‌ಸಿಕೆ (fsck, ಕಡತವ್ಯವಸ್ಥೆ ದುರಸ್ತಿಯ ಆಜ್ಞೆ) ಓಡಿಸಬೇಡಿ. ರೇಡ್ ತಪ್ಪಾಗಿ ಜೋಡಣೆಯಾಗಿದ್ದರೆ ಅದು ಸರಿಯಾಗಿದ್ದ ಕಡತಗಳನ್ನೇ 'ದುರಸ್ತಿ' ಮಾಡಿ ಕೆಡಿಸುತ್ತದೆ.

ಹಂತ 7: ವಿಂಡೋಸ್ ನೀಲಿ ಪರದೆ

'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್', ಕೋಡ್ 7ಬಿ. ಇದು ಕಂಡರೆ ಮೊದಲು 3ನೇ ಹಂತಕ್ಕೆ ಮರಳಿ ಕಂಟ್ರೋಲರ್ ಮೋಡ್ ನೋಡಿ. ಮೋಡ್ ಸರಿಯಿದ್ದರೆ ಸೇಫ್ ಮೋಡಿನಲ್ಲಿ ಒಮ್ಮೆ ಎಬ್ಬಿಸಿ. ವಿಂಡೋಸ್‌ನಲ್ಲೇ ಇರುವ ಸ್ಟೋರೇಜ್ ಡ್ರೈವರುಗಳು ಆಗ ತಾವಾಗಿ ಲೋಡ್ ಆಗುವ ಸಾಧ್ಯತೆ ಇದೆ. ಅದೂ ಆಗದಿದ್ದರೆ ರಿಕವರಿ ಪರಿಸರದಿಂದ ಡಿಸ್ಮ್ (dism) ಆಜ್ಞೆಯ ಮೂಲಕ ಹೊಸ ಕಂಟ್ರೋಲರಿನ ಡ್ರೈವರನ್ನು ಡಿಸ್ಕಿನಲ್ಲಿರುವ ವಿಂಡೋಸ್‌ಗೆ ಸೇರಿಸಿ.

ಬಿಟ್‌ಲಾಕರ್ ಕೀ ಕೇಳಿದರೆ ಅದು ಸಹಜ, ಹೊಸ ಟಿಪಿಎಂಗೆ ಹಳೆಯ ರಹಸ್ಯ ಗೊತ್ತಿಲ್ಲ. ಕೀ ಕೊಟ್ಟು ಒಳಹೋದ ಮೇಲೆ ಹಳೆಯ ಟಿಪಿಎಂ ಪ್ರೊಟೆಕ್ಟರ್ (ಕೀಲಿಯನ್ನು ಚಿಪ್ಪಿಗೆ ಬೆಸೆಯುವ ನಮೂದು) ತೆಗೆದು ಹೊಸದನ್ನು ಸೇರಿಸಿ. ಇಲ್ಲದಿದ್ದರೆ ಪ್ರತಿ ಬೂಟ್‌ಗೂ 48 ಅಂಕಿ ಟೈಪ್ ಮಾಡಬೇಕಾಗುತ್ತದೆ.

ಹಂತ 8: ಎದ್ದಿದೆ, ಆದರೆ ಸಿಗುತ್ತಿಲ್ಲ

ಲಿನಕ್ಸ್ ನೆಟ್‌ವರ್ಕ್ ಪೋರ್ಟುಗಳಿಗೆ ಪಿಸಿಐ ಸ್ಥಾನ ನೋಡಿ ಹೆಸರಿಡುತ್ತದೆ. ಬೋರ್ಡ್ ಮಾದರಿ ಬದಲಾದರೆ ಹೆಸರೂ ಬದಲಾಗುತ್ತದೆ, ಹಳೆಯ ಹೆಸರಿಗೆ ಬರೆದ ಐಪಿ ವಿಳಾಸ ಯಾರಿಗೂ ಸೇರದೆ ಉಳಿಯುತ್ತದೆ. ಅದೇ ಮಾದರಿಯ ಬೋರ್ಡ್ ಹಾಕಿದರೂ ಮ್ಯಾಕ್ ವಿಳಾಸ (ಪ್ರತಿ ಪೋರ್ಟಿನ ಗುರುತುಸಂಖ್ಯೆ) ಬೇರೆ. ನೆಟ್‌ಪ್ಲ್ಯಾನ್ ಅಥವಾ ಯುಡೆವ್ ನಿಯಮಗಳಲ್ಲಿ (ನೆಟ್‌ವರ್ಕ್ ಹೊಂದಿಸುವ ಕಡತಗಳು) ಹಳೆಯ ಮ್ಯಾಕ್ ಬರೆದಿದ್ದರೆ ಬದಲಿಸಿ. ಡಿಎಚ್‌ಸಿಪಿ ಮೀಸಲಾತಿ (ಮ್ಯಾಕ್ ನೋಡಿ ಐಪಿ ಕೊಡುವ ಪಟ್ಟಿ) ಮತ್ತು ಸ್ವಿಚ್ಚಿನ ಪೋರ್ಟ್ ಸೆಕ್ಯುರಿಟಿಯಲ್ಲೂ ಹೊಸ ಮ್ಯಾಕ್ ಹಾಕಬೇಕು. ಕೇಬಲಿನ ದೀಪ ಹೊತ್ತಿದ್ದೂ ಪಿಂಗ್ ಹೋಗುತ್ತಿಲ್ಲವಾದರೆ ಸ್ವಿಚ್ ಕಡೆ ನೋಡಿ.

ವಿಂಡೋಸ್‌ನಲ್ಲಿ ಹೊಸ ಅಡಾಪ್ಟರಿಗೆ ಹಳೆಯ ಸ್ಥಿರ ಐಪಿ ಕೊಡಲು ಹೋದಾಗ, ಅದು ಈಗಾಗಲೇ ಕಾಣದ ಇನ್ನೊಂದು ಅಡಾಪ್ಟರಿಗೆ ಸೇರಿದೆ ಎಂಬ ಎಚ್ಚರಿಕೆ ಬರುತ್ತದೆ. ಡಿವೈಸ್ ಮ್ಯಾನೇಜರಿನಲ್ಲಿ ಮರೆಯಾಗಿರುವ ಸಾಧನಗಳನ್ನು ತೋರಿಸುವಂತೆ ಮಾಡಿ ಹಳೆಯದನ್ನು ತೆಗೆಯಿರಿ.

ಮುಚ್ಚಳ ಹಾಕುವ ಮೊದಲು

ಎಲ್ಲ ಸರಿಹೋದ ಮೇಲೆ ಒಮ್ಮೆ ರೀಬೂಟ್ ಮಾಡಿ. ಅದು ಸರಿಯಾಗಿ ಎದ್ದರೆ ಆಫ್ ಮಾಡಿ, ಎಲ್ಲ ಪವರ್ ಕೇಬಲ್‌ಗಳನ್ನೂ ಎಳೆದು, ಒಂದು ನಿಮಿಷ ಬಿಟ್ಟು ಮತ್ತೆ ಸಿಕ್ಕಿಸಿ. ಗಡಿಯಾರ ಹಿಂದಕ್ಕೆ ಹೋಗಿದ್ದರೆ ಬೋರ್ಡಿನ ಸಿಆರ್2032 ಬ್ಯಾಟರಿ ದುರ್ಬಲವಾಗಿದೆ, ಇವತ್ತೇ ಬದಲಿಸಿ. ಬಯೋಸಿನ ಪ್ರತಿಯೊಂದು ಪುಟದ ಫೋಟೊ, ಬೂಟ್ ಪಟ್ಟಿ, ಹೊಸ ಮ್ಯಾಕ್ ವಿಳಾಸಗಳು ಮತ್ತು ಹೊಸ ರಿಕವರಿ ಕೀಯನ್ನು ಈ ಸರ್ವರಿನ ಹೊರಗೆ ಒಂದು ಕಡೆ ಇಡಿ.

ಹಳೆಯ ಬೋರ್ಡನ್ನು ಕೂಡಲೇ ಹಿಂದಿರುಗಿಸಬೇಡಿ. ಒಂದು ವಾರ ಸರ್ವರ್ ನಿಜವಾದ ಹೊರೆಯಲ್ಲಿ ಓಡಲಿ. ಆಮೇಲೆ ಹೊಸ ಬೋರ್ಡಿನ ಜೊತೆ ಬಂದ ಪ್ಲಾಸ್ಟಿಕ್ ಸಾಕೆಟ್ ಮುಚ್ಚಳವನ್ನು ಹಳೆಯದಕ್ಕೆ ಹಾಕಿ, ಆ್ಯಂಟಿ-ಸ್ಟ್ಯಾಟಿಕ್ ಚೀಲದಲ್ಲಿಟ್ಟು ಕಳಿಸಿ. ಆ ಮುಚ್ಚಳವಿಲ್ಲದೆ ಹೋದ ಬೋರ್ಡಿನ ಪಿನ್ ದಾರಿಯಲ್ಲಿ ಬಾಗಿದರೆ, ಅದನ್ನು ಬಗ್ಗಿಸಿದ್ದು ನೀವೇ ಎಂದು ದಾಖಲಾಗಬಹುದು.